ಯೆಲ್ಮರ್ ಎತ್ತದ ಕೈ

"ನಿನಗೇ ಯಾಕೆ ಈ ರೂಮು ಕೊಡ್ಬೇಕು?"

ಕೇಳಿದವನು ಯೆಲ್ಮರ್. ಅಡುಗೆಮನೆಯ ಕಿಟಕಿಗೆ ಒರಗಿ ನಿಂತಿದ್ದ. ಕೈಯಲ್ಲಿ ಅಗ್ಗದ ಬಿಯರು, ಕಣ್ಣಲ್ಲಿ ತುಂಟತನ. ಪ್ರಶ್ನೆ, ರೂಮು ಕೇಳಿ ಬಂದಿದ್ದ ಇಲಿಂಕಾಳಿಗೆ.

ನೆದರ್ಲೆಂಡ್ಸಿನ ನಮ್ಮ ಗ್ರೋನಿಂಗೆನ್ ಊರಿನಲ್ಲಿ ಓದುವವರಿಗೆ ಗಂಡು ಬೇಕಾದರೆ ಸಿಕ್ಕಾನು, ಬಾಡಿಗೆ ರೂಮು ಸಿಗುವುದಿಲ್ಲ! ಒಂದು ರೂಮು ಖಾಲಿಯಾದರೆ ಸಾಕು, ಆ ಮನೆಯ ಹುಡುಗ ಹುಡುಗಿಯರು ಒಂದು ಸಂಜೆ ಹತ್ತಾರು ಜನರನ್ನು ಕರೆದು, ಕೂರಿಸಿ, ಏನೇನೋ ಕೇಳಿ, ಕೊನೆಗೆ ಕೈ ಎತ್ತಿ ಒಬ್ಬರನ್ನು ಆರಿಸುತ್ತಾರೆ. ಮನೆಯ ಒಂದೇ ಒಂದು ಕೈ ಮೇಲೇಳದಿದ್ದರೂ ಆ ಹೆಸರು ಹೋಯಿತು. ಹೆಣ್ಣು ನೋಡುವ ಶಾಸ್ತ್ರವೇ ಎಷ್ಟೋ ಸಲೀಸು... ಅಲ್ಲಿ ಒಬ್ಬನೇ ಗಂಡು, ಇಲ್ಲಿ ಮನೆ ತುಂಬ!

ಇಂಥ ಸಂಜೆ ಕಷ್ಟ ಮಾತ್ರ ಹೇಳಿಕೊಳ್ಳಬಾರದು. ಅಳುಮುಂಜಿಯ ಜೊತೆ ಅಡುಗೆಮನೆ ಹಂಚಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಹಾಗಾಗಿ ಇಲಿಂಕಾ ನಕ್ಕಳು.

"ಕೊಡ್ಬೇಡಿ ಬಿಡಿ! ನನಗೇನೂ ಅವಸರ ಇಲ್ಲ. ಗೆಳತಿ ಮನೇಲಿ ಆರಾಮಾಗಿದ್ದೀನಿ. ಆದ್ರೆ ನಾನು ಮಾಡೋ ಎಲೆಕೋಸಿನ ಸುರುಳಿ ತಿನ್ನದೆ ಹೋದ್ರೆ ನಷ್ಟ ನಿಮಗೇ."

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯೆಲ್ಮರ್. ಆಮೇಲೆ ಸಂಜೆಯಿಡೀ ಅವಳ ಪಕ್ಕ ಬಿಟ್ಟು ಕದಲಲಿಲ್ಲ.

'ಇವನ ಕೈ ಖಂಡಿತ ಏಳುತ್ತೆ...' ಅಂದುಕೊಂಡಳು.

ಅವಳಿಗೆ ಗೆಳತಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ರೊಮೇನಿಯಾದಿಂದ ಬಂದವಳಿಗೆ ಸಿಕ್ಕಿದ್ದು ವಿಶ್ವವಿದ್ಯಾಲಯದ ಸೀಟು ಮಾತ್ರ. ವಾಸ ಊರಾಚೆ, ಪ್ರವಾಸಿಗರಿಗೆಂದಿರುವ ಬಯಲಿನಲ್ಲಿ ಹಾಕಿದ ಟೆಂಟಿನಲ್ಲಿ. ತಿಂಗಳ ಕೊನೆಗೆ ಚಳಿಗಾಲವೆಂದು ಆ ಬಯಲಿಗೂ ಬೀಗ ಬೀಳುತ್ತಿತ್ತು. ಅಷ್ಟರೊಳಗೆ ಸೂರು ಸಿಗದಿದ್ದರೆ ಊರಿನ ಬಸ್ಸು ಹತ್ತಬೇಕು, ಓದಿನ ಆಸೆ ಬಿಡಬೇಕು.

ಮರುದಿನ ಫೆನ್ನಾಳ ಫೋನು ಬಂತು. ಆ ಮನೆಯ ಹಿರಿಯಳು ಅವಳು.

"ಬೇಜಾರ್ ಮಾಡ್ಕೋಬೇಡ ಕಣೇ... ಎಲ್ಲರೂ ಕೈ ಎತ್ತಿದ್ರು. ಒಬ್ಬ ಮಾತ್ರ ಎತ್ತಲಿಲ್ಲ."

"ಯಾರು?"

"ಯೆಲ್ಮರ್. ಯಾಕೋ ಅಂದ್ರೆ ಬಾಯೇ ಬಿಡ್ತಿಲ್ಲ."

ಇಲಿಂಕಾ ಫೋನು ಕೆಳಗಿಟ್ಟಳು. 'ನಾನು ಅವನಿಗೆ ಏನು ಮಾಡಿದ್ದೆ? ಅಷ್ಟೆಲ್ಲ ನಕ್ಕಿದ್ದು ಸುಳ್ಳಾ?'

ಸಂಜೆ ಮಳೆ ಹಿಡಿಯಿತು. ಒದ್ದೆ ಹಾಸಿಗೆಯಲ್ಲಿ ಮುದುಡಿ ಕೂತಿದ್ದಾಗ ಅವನದೇ ಮೆಸೇಜು ಬಂತು!

"ರೂಮು ಸಿಗಲಿಲ್ಲ, ಗೊತ್ತು. ನನ್ನ ಜೊತೆ ಕಾಫಿಗೆ ಬರ್ತೀಯಾ?"

ಅವಳಿಗೆ ಉರಿದುಹೋಯಿತು. ಸೋರುತ್ತಿದ್ದ ಟೆಂಟಿನ ಫೋಟೋ ತೆಗೆದು ಕಳಿಸಿದಳು. "ಇದು ನನ್ನ ಮನೆ, ಊರಾಚೆಯ ಬಯಲಲ್ಲಿ. ಶುಕ್ರವಾರದಿಂದ ಇದೂ ಇರಲ್ಲ. ನಿನ್ನ ಕಾಫಿ ನೀನೇ ಕುಡಿ."

ಮರುದಿನ ಮಧ್ಯಾಹ್ನ ಅವಳು ಟೆಂಟಿನ ಗೂಟ ಕೀಳುತ್ತಿದ್ದಾಗ ಯೆಲ್ಮರ್ ಸೈಕಲ್ಲು ತುಳಿದುಕೊಂಡು ಬಂದ. ಮೈಯೆಲ್ಲ ತೊಯ್ದಿತ್ತು, ಮುಖ ಬಿಳಚಿತ್ತು.

"ಗೆಳತಿ ಮನೇಲಿದ್ದೀನಿ ಅಂದಿದ್ದೆ..."

"ಮತ್ತೇನು ಹೇಳ್ಬೇಕಿತ್ತು? ರಾತ್ರಿಯೆಲ್ಲ ನಡುಗ್ತೀನಿ, ಈಜುಕೊಳಕ್ಕೆ ಹೋಗಿ ಸ್ನಾನ ಮಾಡ್ತೀನಿ ಅಂತಾನಾ? ಹಾಗಂದಿದ್ರೆ ಯಾರಾದ್ರೂ ಕೈ ಎತ್ತುತ್ತಿದ್ರಾ?"

ಅವನು ತಲೆ ತಗ್ಗಿಸಿದ. "ಇಲ್ಲ."

"ನಗಿಸಿದ್ರೂ ನೀನು ಎತ್ತಲಿಲ್ವಲ್ಲೋ! ಯಾಕೆ?"

"ನಮ್ಮನೇಲಿ ಒಂದು ಕಟ್ಟುಪಾಡಿದೆ. ಒಂದೇ ಸೂರಿನಡಿ ಇರೋರು ಪ್ರೀತಿ ಗೀತಿ ಅನ್ನೋ ಹಾಗಿಲ್ಲ. ಹಿಂದೆ ಒಂದು ಜೋಡಿ ಮುರಿದುಬಿದ್ದು ಮನೆಯೇ ಎರಡು ಪಾಲಾಗಿತ್ತಂತೆ. ನೀನು ಒಳಗೆ ಬಂದ್ರೆ ನಿನ್ನನ್ನ ಕೇಳೋ ಹಾಗೇ ಇಲ್ಲ ಅನ್ನಿಸ್ತು... ಅವಸರ ಇಲ್ಲ ಅಂತ ನೀನೇ ಅಂದಿದ್ಯಲ್ಲ. ಕೈ ಏಳಲಿಲ್ಲ ಇಲಿಂಕಾ."

"ಇಷ್ಟಪಟ್ಟು ಬೀದಿಗೆ ಹಾಕಿದ್ಯಾ ನನ್ನನ್ನ!"

ಕೈಲಿದ್ದ ಗೂಟವನ್ನು ಬೀಸಿ ಒಗೆದಳು. ಇಷ್ಟು ದಿನ ತಡೆದಿದ್ದ ಅಳು ಕಟ್ಟೆಯೊಡೆಯಿತು. ಕೆಸರಿನಲ್ಲೇ ಕುಸಿದು ಕೂತು ಬಿಕ್ಕಿದಳು. ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ.

"ಆ ರೂಮು ಹೋಯ್ತು, ಬೇರೆಯವನು ಬಂದಾಯ್ತು. ನನ್ನ ರೂಮು ತಗೋ."

"ನಿನ್ನ ಉಪಕಾರ ಯಾರಿಗೆ ಬೇಕು?"

"ಉಪಕಾರ ಅಲ್ಲ. ಬೆಳಿಗ್ಗೆ ಎಲ್ಲರ ಮುಂದೆ ತಪ್ಪು ಒಪ್ಕೊಂಡೆ. ಫೆನ್ನಾ ಉಗಿದು ಉಪ್ಪಿನಕಾಯಿ ಹಾಕಿದ್ಲು. ಆಮೇಲೆ ನನ್ನ ಜಾಗಕ್ಕೆ ನಿನ್ನ ಹೆಸರು ಹೇಳಿದೆ. ಎಲ್ಲ ಕೈಗಳೂ ಎದ್ದವು."

"ಮತ್ತೆ ನೀನು?"

"ಪಕ್ಕದೂರಲ್ಲಿ ಅಕ್ಕ ಇದ್ದಾಳೆ. ಅವಳ ಸೋಫಾದಲ್ಲಿ ಮಲಗಿ ದಿನಾ ರೈಲಲ್ಲಿ ಬರ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ದಿಟ್ಟಿಸಿದಳು. "ಅದಕ್ಕೆ ನಾನು ಕಾಫಿಗೆ ಬರ್ಬೇಕಾ?"

"ಬೇಡ. ಇನ್ನು ನನ್ನ ಮುಖ ನೋಡ್ದೆ ಇದ್ರೂ ರೂಮು ನಿನ್ನದೇ."

ಅವಳು ಕ್ಷಮಿಸಲಿಲ್ಲ. ಆದರೆ ಚಳಿ ಸ್ವಾಭಿಮಾನದ ಮಾತು ಕೇಳುವುದಿಲ್ಲ, ರೂಮಿಗೆ ಹೋದಳು. ಮೊದಲ ದಿನ ಬಿಸಿನೀರಿನ ಕೆಳಗೆ ನಿಂತು ಮನಸಾರೆ ಅತ್ತಳು.

ಯೆಲ್ಮರ್ ಮಾತು ಉಳಿಸಿಕೊಂಡ. ಒಂದು ಮೆಸೇಜು ಇಲ್ಲ, ಒಂದು ಕರೆ ಇಲ್ಲ. ಬೆಳಗಿನ ರೈಲಿನಿಂದ ಇಳಿದು ತೂಕಡಿಸುತ್ತ ತರಗತಿಗೆ ಬರುತ್ತಿದ್ದಾನೆಂದು ಫೆನ್ನಾ ಹೇಳಿದಳು. ಸಿಟ್ಟು ಇಳಿದಂತೆಲ್ಲ ಇಲಿಂಕಾಳ ಕಣ್ಣು ಫೋನಿನ ಕಡೆಗೇ ಹೋಗತೊಡಗಿತು.

'ಹೇಗಿದ್ದೀಯಾ ಅಂತ ಒಂದು ಮಾತು ಕೇಳಿದ್ರೆ ಇವನ ಗಂಟೇನು ಹೋಗುತ್ತೆ?'

ಕೊನೆಗೆ ಅವಳೇ ಬರೆದಳು. "ನಿನ್ನ ಪುಸ್ತಕಗಳು ಇಲ್ಲೇ ಇವೆ. ಭಾನುವಾರ ಬಂದು ತಗೊಂಡು ಹೋಗು."

ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆರೆದಳು. ಯೆಲ್ಮರ್ ಸೊರಗಿದ್ದ. ಒಳಗೆ ಕಾಲಿಡದೆ ಮೆಟ್ಟಿಲ ಮೇಲೇ ನಿಂತಿದ್ದ.

"ಪುಸ್ತಕ ಇಲ್ಲಿಗೇ ಕೊಟ್ಬಿಡು, ಹೋಗ್ತೀನಿ."

"ಒಳಗೆ ಬಾ."

"ಬೇಡ ಇಲಿಂಕಾ... ನಾನೀಗ ಈ ಮನೆಯವನಲ್ಲ."

ಅವಳ ಕಣ್ಣು ತುಂಬಿ ಬಂತು. ಅವನ ತಣ್ಣನೆಯ ಕೈ ಹಿಡಿದುಕೊಂಡಳು.

"ಅದಕ್ಕೇ ಕಣೋ ಕರೀತಿರೋದು!"