ಹನುಮಪ್ಪನ ಬಲಗೈ

"ಬೀಳಪ್ಪಾ, ಬಲಕ್ಕ ಬೀಳು," ಎಂದು ಯಂಕಿ ಪಿಸುಗುಟ್ಟಿದಳು. ತನ್ನ ಉಸಿರಿಗೆ ಹೂ ಅಲುಗೀತೆಂದು ಮೂಗು ಹಿಡಿದುಕೊಂಡಿದ್ದಳು.

ಗೋಡೆಯ ಮೇಲೆ ಹನುಮಪ್ಪನ ಫೋಟೋ. ಅದರ ಗಾಜಿಗೆ ಎರಡು ಕಣಗಿಲ ಹೂ ಅಂಟಿಕೊಂಡಿದ್ದವು, ಈ ಕಡೆ ಒಂದು, ಆ ಕಡೆ ಒಂದು. ನೀರಿನಲ್ಲಿ ಅದ್ದಿ ಅಂಟಿಸಿದವಳು ಯಂಕಿಯೇ. ನೀರು ಆರಿದ ಹಾಗೆ ಯಾವುದಾದರೊಂದು ಹೂ ಜಾರಿ ಬೀಳುತ್ತದೆ. ಬಲಗಡೆಯದು ಬಿದ್ದರೆ ದೇವರು ಹೂಂ ಅಂದ ಹಾಗೆ. ಎಡಗಡೆಯದು ಬಿದ್ದರೆ ಊಹೂಂ.

ಇದಕ್ಕೆ ಹೂ ಕೇಳುವುದು ಅನ್ನುತ್ತಾರೆ. ಯಂಕಿಯ ಅಜ್ಜಿ ಸಾವಕ್ಕ ದೊಡ್ಡ ದೊಡ್ಡ ಸಂಗತಿಗಳಿಗೆ ಹೂ ಕೇಳುತ್ತಿದ್ದಳು. ಲಗ್ನ ಕೂಡುತ್ತದೋ ಇಲ್ಲವೋ, ಕಳೆದುಹೋದ ಎಮ್ಮೆ ಸಿಗುತ್ತದೋ ಇಲ್ಲವೋ, ಅಂಥವು. ಯಂಕಿ ಕೇಳುತ್ತಿದ್ದದ್ದು ಒಂದೇ ಮಾತು: ಇವತ್ತು ತಮ್ಮ ಕಮರಿಪೇಟೆಯ ಫುಟ್ಬಾಲ್ ಟೀಮು ಗೆಲ್ಲುತ್ತದೋ ಇಲ್ಲವೋ?

ಆ ಟೀಮು ಎಂದೂ ಗೆದ್ದಿರಲಿಲ್ಲ. ಚೇಷ್ಟೆಗೆ ಹೇಳುವ ಮಾತಲ್ಲ ಇದು. ಒಮ್ಮೆ ಎದುರಿನ ಟೀಮಿನವರು ಬಸ್ಸು ತಪ್ಪಿ ಬರಲೇ ಇಲ್ಲ. ಆವತ್ತು ಇವರು ತಾವೇ ಎರಡು ಪಾಲಾಗಿ ಆಡಿ, ಎರಡೂ ಪಾಲಿನವರು ಸೋತೆವೆಂದು ಮಾರಿ ಇಳಿಬಿಟ್ಟುಕೊಂಡು ಮನೆಗೆ ಬಂದಿದ್ದರು.

ಟೀಮು ಕಟ್ಟಿದವನು ಯಂಕಿಯ ಕಾಕಾ ಹುಚ್ಚಪ್ಪ. ಹಿಂದಿನ ವರ್ಷ ಭಾರತದವರು ಜಕಾರ್ತಾಕ್ಕೆ ಹೋಗಿ ಏಷ್ಯದ ಆಟಗಳಲ್ಲಿ ಫುಟ್ಬಾಲಿನ ಚಿನ್ನ ಗೆದ್ದ ಸುದ್ದಿಯನ್ನು ಅವನು ಚಹಾದಂಗಡಿಯ ರೇಡಿಯೋದಲ್ಲಿ ಕೇಳಿದ್ದ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದವನು ಮರುದಿನವೇ ಓಣಿಯ ಮಂದಿಯನ್ನು ಕೂಡಿಸಿದ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಗಟ್ಟಿ ಆಳು. ಆಡುವ ಜಾಗ ಗೋಲಿನ ಮುಂದೆ. ಅವನು ಗೋಲ್‌ಕೀಪರ್. ಚೆಂಡು ಅವನನ್ನು ದಾಟಿ ಹೋಗುವುದನ್ನು ಹುಬ್ಬಳ್ಳಿಯ ಅರ್ಧ ಜನ ನೋಡಿದ್ದರು.

ಯಂಕಿ ಮಾತ್ರ ನಂಬಿಕೆ ಬಿಟ್ಟಿರಲಿಲ್ಲ. ಪ್ರತಿ ಮ್ಯಾಚಿನ ದಿನ ಹೂ ಬಲಕ್ಕೇ ಬೀಳುತ್ತಿತ್ತಲ್ಲ. ಎಂದಾದರೂ ಎಡಕ್ಕೆ ಬಿದ್ದರೆ, ಹನುಮಪ್ಪನಿಗೆ ಪ್ರಶ್ನೆ ಸರಿಯಾಗಿ ಕೇಳಿಸಿಲ್ಲವೆಂದು ಅವಳು ಮತ್ತೆ ಅಂಟಿಸುತ್ತಿದ್ದಳು. ಬಲಕ್ಕೆ ಬೀಳುವವರೆಗೂ ಅಂಟಿಸುತ್ತಿದ್ದಳು.

ಇವತ್ತಂತೂ ಗೆಲ್ಲಲೇಬೇಕು. ಎದುರು ಬರುವವರು ಧಾರವಾಡದವರು. ನಿನ್ನೆ ಸಾಲೆಯಲ್ಲಿ ಅವಳು ದತ್ತುವಿನ ಜೊತೆ ಪಣ ಕಟ್ಟಿಬಿಟ್ಟಿದ್ದಳು. ದತ್ತು ಧಾರವಾಡದಿಂದ ಈ ವರ್ಷ ಬಂದವನು. ಅವನ ಮಾಮಾ ರಮಾಕಾಂತ ಆ ಟೀಮಿನ ಹುಲಿ.

"ನಿಮ್ಮ ಟೀಮು ಸೋತ್ರ, ಮುಂದಿನ ಮ್ಯಾಚಿಗೆ ನೀ ನಮ್ಮ ಕಡೆ ಕೂಡಬೇಕು," ಎಂದಿದ್ದ ದತ್ತು. "ಧಾರವಾಡಕ್ಕ ಜೈ ಅಂತ ಗಂಟಲು ಹರಿಯೋ ಹಂಗ ಒದರಬೇಕು."

"ನಾವು ಗೆದ್ರ?"

"ನಾ ವರ್ಷಪೂರ್ತಿ ಕಮರಿಪೇಟಿಗೆ ಜೈ ಅಂತೇನಿ." ಅಂಥ ದಿನ ಬರುವುದೇ ಇಲ್ಲವೆಂದು ಖಾತ್ರಿ ಇದ್ದದ್ದರಿಂದ ದತ್ತು ಧಾರಾಳವಾಗಿ ಮಾತು ಕೊಟ್ಟಿದ್ದ.

ಕಮರಿಪೇಟೆಯ ಯಂಕಿ ಧಾರವಾಡಕ್ಕೆ ಜೈ ಅನ್ನುವುದೇ?

ಅಷ್ಟರಲ್ಲಿ ಹೂ ಜಾರಿತು. ಬಲಕ್ಕೆ.

"ಬಿತ್ತು! ಆಯಿ, ಬಿತ್ತು!"

ಸಾವಕ್ಕ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಬಂದಳು. "ಯಾಕ ಒದರಾಕತ್ತೀ? ಯಾರ ಲಗ್ನ ಕೂಡ್ತು?"

"ಬಲಕ್ಕ ಬಿತ್ತು ಆಯಿ. ಇವತ್ತು ನಾವು ಗೆಲ್ತೇವಿ."

"ಯಾವ ಬಲಕ್ಕ?"

"ಇಲ್ನೋಡು, ಈ ಕಡೆ. ಉಣ್ಣೋ ಕೈ ಕಡೆ."

"ಅದು ನಿನ್ನ ಉಣ್ಣೋ ಕೈ," ಎಂದಳು ಸಾವಕ್ಕ. "ಹನುಮಪ್ಪ ನಿನ್ನ ಕಡೆ ಮಾರಿ ಮಾಡಿ ನಿಂತಾನ. ಅವನ ಬಲಗೈ ಯಾವ ಕಡೆ ಐತಿ ನೋಡು."

ಯಂಕಿ ನೋಡಿದಳು. ಹನುಮಪ್ಪ ಬಲಗೈಯಲ್ಲಿ ಗದೆ ಹಿಡಿದಿದ್ದ. ಗದೆ ಅವಳ ಎಡಕ್ಕಿತ್ತು. ಅವಳು ತಿರುಗಿ, ಫೋಟೋಕ್ಕೆ ಬೆನ್ನು ಹಚ್ಚಿ ನಿಂತು, ತನ್ನ ಬಲಗೈ ಎತ್ತಿ ನೋಡಿದಳು. ಗದೆಯ ಕಡೆಗೇ ಹೋಯಿತು ಕೈ. ಆ ಕಡೆಯ ಹೂ ಗಾಜಿಗೆ ಗಟ್ಟಿಯಾಗಿ ಅಂಟಿಕೊಂಡು ಕೂತಿತ್ತು.

"ದೇವರ ಬಲ ನೋಡಬೇಕವ್ವಾ, ನಿನ್ನ ಬಲ ಅಲ್ಲ. ಹೂ ಕೊಡಾಂವ ಅವನೋ, ನೀನೋ?"

ಯಂಕಿಗೆ ಬೆವರು ಬಂತು. ಅಂದರೆ ಇಷ್ಟು ದಿನ ಹನುಮಪ್ಪ ಸೋಲುತ್ತೀರಿ, ಸೋಲುತ್ತೀರಿ ಎಂದೇ ಹೇಳುತ್ತಿದ್ದ. ಪಾಪ, ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅದಕ್ಕಿಂತ ಕೆಟ್ಟ ವಿಚಾರ ಹಿಂದೆಯೇ ಬಂತು. ಎಡಕ್ಕೆ ಬಿದ್ದ ದಿನಗಳಲ್ಲಿ ಅವನು ಗೆಲ್ಲುತ್ತೀರಿ ಅಂದಿದ್ದ. ತಾನು ಮತ್ತೆ ಮತ್ತೆ ಅಂಟಿಸಿ, ಪೀಡಿಸಿ, ಅವನ ಬಾಯಿಂದ ಸೋಲುತ್ತೀರಿ ಅನ್ನಿಸಿದ್ದಳು. ಕಮರಿಪೇಟೆಯನ್ನು ಸೋಲಿಸಿದವಳು ತಾನೇ ಇರಬೇಕು.

"ಆಯಿ, ಇನ್ನೊಮ್ಮೆ ಕೇಳ್ಲೇನು?"

"ಅವನಿಗೇನು ಬ್ಯಾರೆ ಉದ್ಯೋಗ ಇಲ್ಲ ಅಂತ ತಿಳದೀಯೇನು? ಒಮ್ಮೆ ಕೇಳೀದಿ, ಒಮ್ಮೆ ಹೇಳ್ಯಾನ." ಸಾವಕ್ಕ ರೊಟ್ಟಿ ಸೀಯುವ ವಾಸನೆ ಹಿಡಿದು ಒಳಗೆ ಓಡಿದಳು.

ಹಿತ್ತಲಲ್ಲಿ ಹುಚ್ಚಪ್ಪ ಕಾಕಾ ಕುಕ್ಕರಗಾಲಿನಲ್ಲಿ ಕೂತು ಫುಟ್ಬಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಹಾಡೂ ಹೇಳಿಕೊಳ್ಳುತ್ತಿದ್ದ. ಯಂಕಿಯನ್ನು ಕಂಡು ಪ್ರತಿ ಸಲ ಕೇಳುವುದನ್ನೇ ಕೇಳಿದ. "ಏನಂತಾನ ನಮ್ಮ ಹನುಮಪ್ಪ?"

ಬಲಕ್ಕೆ ಬಿತ್ತು ಅಂದುಬಿಡಬಹುದಿತ್ತು. ಅದೇನು ಸುಳ್ಳಲ್ಲ, ಅವಳ ಬಲಕ್ಕೇ ಬಿದ್ದಿತ್ತು. ಆದರೆ ಕಾಕಾ ತಲೆ ಎತ್ತಿ ನೋಡುತ್ತಿದ್ದ. ಯಂಕಿ ಎಲ್ಲವನ್ನೂ ಹೇಳಿಬಿಟ್ಟಳು. ಗದೆಯ ಸಂಗತಿ, ಬೆನ್ನು ಹಚ್ಚಿ ನಿಂತದ್ದು, ಹಿಂದಿನ ಮ್ಯಾಚುಗಳು, ಎಲ್ಲ. ಹೇಳುತ್ತ ಹೇಳುತ್ತ ಅಳುವೂ ಬಂತು.

"ಇವತ್ತು ನಾವು ಸೋಲ್ತೇವಿ ಕಾಕಾ. ಖಾತ್ರಿ."

"ಹಂಗೇನು?" ಎಂದ ಕಾಕಾ. "ನನ್ನ ಚಡ್ಡಿ ಒಣಗೈತೇನು ನೋಡು."

"ಸೋಲ್ತೇವಿ ಅಂದೆ."

"ಕೇಳಿಸ್ತು. ಸೋಲಾಕೂ ಚಡ್ಡಿ ಬೇಕಲ್ಲವಾ."

ಚಡ್ಡಿ ಒಣಗಿರಲಿಲ್ಲ. ಒಂದು ಕಾಲಂತೂ ಹಿಂಡಿದರೆ ನೀರು ಬರುವಂತಿತ್ತು. ಕಾಕಾ ಅದನ್ನೇ ಹಾಕಿಕೊಂಡು, ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು, ಹಾಡು ಬಿಟ್ಟಲ್ಲಿಂದ ಹಿಡಿದುಕೊಂಡು ಹೊರಟ.

ಯಂಕಿ ಕಟ್ಟೆಯ ಮೇಲೆ ಕೂತಳು. ಸೋಲುವುದು ಗೊತ್ತಿದ್ದೂ ಯಾರಾದರೂ ಹೋಗುತ್ತಾರೇನು? ತಾನು ಹೋಗುವುದಿಲ್ಲ. ಕಾಕಾನ ಹಾಡು ಓಣಿಯ ತಿರುವಿನಲ್ಲಿ ಸಣ್ಣದಾಯಿತು. ಆಗ ಅವಳ ಕಣ್ಣಿಗೆ ನೀರಿನ ತಂಬಿಗೆ ಬಿತ್ತು. ಟೀಮಿಗೆ ನೀರು ಒಯ್ಯುವವಳು ಅವಳೇ ಅಲ್ಲವೇ? ಸೋಲುವವರಿಗೂ ನೀರಡಿಕೆ ಆಗುತ್ತದೆ. ಯಂಕಿ ತಂಬಿಗೆ ತುಂಬಿಕೊಂಡು, ಲಂಗಕ್ಕೆ ಚೆಲ್ಲಿಕೊಳ್ಳುತ್ತ ಹಿಂದೆ ಓಡಿದಳು.

ಊರ ಹೊರಗಿನ ಬಯಲಿನಲ್ಲಿ ಎರಡು ಬಿದಿರು ನೆಟ್ಟು, ನಡುವೆ ಹಗ್ಗ ಕಟ್ಟಿದರೆ ಅದೇ ಗೋಲು. ರೆಫ್ರಿ ಆಗಿದ್ದವರು ಡ್ರಾಯಿಂಗ್ ಮಾಸ್ತರ ಶಾಂತಯ್ಯನವರು. ಕ್ಲಾಸಿನಲ್ಲಿ ಹುಡುಗರಿಗೆ ಗೆರೆ ನೆಟ್ಟಗೆ ಎಳೆಯಿರೆಂದು ಬಯ್ಯುವ ಅವರೇ ಮೈದಾನಕ್ಕೆ ಎಳೆದ ಸುಣ್ಣದ ಗೆರೆ ಹಾವು ಹರಿದ ಹಾಗಿತ್ತು.

ಮೊದಲ ಗೋಲು ಬಿದ್ದಾಗ ಕಾಕಾ ಮೂಗಿನ ಮೇಲೆ ಕೂತ ನೊಣ ಹೊಡೆಯುತ್ತಿದ್ದ. ಎರಡನೆಯದು ಕಮರಿಪೇಟೆಯವನೇ ಆದ ಶಿದ್ದಪ್ಪನ ಕುಂಡಿಗೆ ಬಡಿದು ಒಳಗೆ ಹೋಯಿತು. ಶಿದ್ದಪ್ಪ ಅದನ್ನು ಆಮೇಲೂ ಒಪ್ಪಲಿಲ್ಲ. ಮೂರನೆಯದರ ಹೊತ್ತಿಗೆ ಮೈದಾನದ ನಡುವೆ ಎಮ್ಮೆಯೊಂದು ಬಂದು ನಿಂತಿತ್ತು. ಅದನ್ನು ದಾಟಿ ಬಂದ ಚೆಂಡು ಕಾಕಾನಿಗೆ ಕಾಣಲೇ ಇಲ್ಲ. ಗೋಲು ನಾಲ್ಕಾದ ಮೇಲೆ ಯಂಕಿ ಎಣಿಸುವುದನ್ನು ಬಿಟ್ಟು, ಗೋಲಿನ ಹಿಂದೆ ತಂಬಿಗೆ ಹಿಡಿದು ಕೂತಳು. ಹನುಮಪ್ಪನ ಮಾತು ಖರೇ ಆಗಿತ್ತು.

ಆಟ ಮುಗಿಯುವ ಹೊತ್ತಿಗೆ ಚೆಂಡು ನೆಟ್ಟಗೆ ಶಿದ್ದಪ್ಪನ ಮಾರಿಗೆ ಬಂತು. ಇನ್ನೊಮ್ಮೆ ಏಟು ತಿನ್ನುವ ಮನಸ್ಸಿಲ್ಲದೆ ಅವನು ಕೈ ಅಡ್ಡ ಹಿಡಿದ. ಶಾಂತಯ್ಯ ಮಾಸ್ತರರು ಸೀಟಿ ಊದಿದರು. ಪೆನಲ್ಟಿ.

ಚೆಂಡು ಇಟ್ಟವನು ರಮಾಕಾಂತ ಮಾಮಾ. ಹತ್ತಿರದಿಂದ ನೋಡಬೇಕೆಂದು ದತ್ತು ಓಡಿ ಬಂದು ಯಂಕಿಯ ಬದಿಗೇ ನಿಂತ.

"ನಮ್ಮ ಮಾಮಾ ಪೆನಲ್ಟಿ ಯಾವಾಗಲೂ ಬಲಕ್ಕ ಹೊಡೀತಾನ," ಎಂದ ಜಂಬದಿಂದ. "ಒಮ್ಮೆನೂ ತಪ್ಪಿಲ್ಲ."

ಯಂಕಿ ಬಲಕ್ಕೆ ಎಂದು ಕೂಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಬಲಕ್ಕೆ ಸರಿ, ಯಾರ ಬಲಕ್ಕೆ? ಮಾಮಾ ಈ ಕಡೆ ಮಾರಿ ಮಾಡಿ ನಿಂತಿದ್ದಾನೆ, ಹನುಮಪ್ಪ ನಿಂತ ಹಾಗೆ. ಅವಳು ಗರಕ್ಕನೆ ತಿರುಗಿ, ಮೈದಾನಕ್ಕೆ ಬೆನ್ನು ಹಾಕಿ, ಬಲಗೈ ಎತ್ತಿದಳು.

"ಏನು ಕಸರತ್ತು ಮಾಡ್ಲಿಕ್ಕತ್ತೀ?" ಎಂದ ದತ್ತು.

"ಕಾಕಾ!" ಯಂಕಿ ಚೀರಿದಳು. "ಎಡಕ್ಕ ಜಿಗಿ! ನಿನ್ನ ಉಣ್ಣಲಾರದ ಕೈ ಕಡೆ!"

ಮಾಮಾ ಒದ್ದ. ಕಾಕಾ ಕಣ್ಣು ಮುಚ್ಚಿಕೊಂಡು ಉಣ್ಣಲಾರದ ಕೈಯ ಕಡೆ ಹಾರಿದ. ಹಾರುವಾಗಲೇ ಚಡ್ಡಿ ಪರ್ ಎಂದು ಹರಿಯಿತು. ಚೆಂಡು ಅವನ ಹೊಟ್ಟೆಗೆ ಬಡಿಯಿತು. ಅವನು ಅದನ್ನು ಎರಡೂ ಕೈಯಿಂದ ಅವಚಿಕೊಂಡು ಧೂಳಿನಲ್ಲಿ ಉರುಳಿ ಬಿದ್ದ. ಬಿಡಿಸಿಕೊಳ್ಳಲು ಯಾರಾದರೂ ಬಂದಾರೆಂದು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಅಷ್ಟೇ. ಮಾಸ್ತರರು ಮ್ಯಾಚು ಮುಗಿಯಿತೆಂದು ಉದ್ದಕ್ಕೆ ಸೀಟಿ ಊದಿದರು. ಧಾರವಾಡದವರದು ಐದು, ಕಮರಿಪೇಟೆಯವರದು ಸೊನ್ನೆ.

ಆದರೆ ಸೊನ್ನೆಯವರು ಗೋಲಿನ ಕಡೆ ಓಡಿ ಬಂದರು. ಕಾಕಾನ ಸೊಂಟಕ್ಕೆ ಟವೆಲ್ಲು ಸುತ್ತಿ, ಹೆಗಲ ಮೇಲೆ ಹೊತ್ತು ಬಯಲೆಲ್ಲ ಮೆರೆಸಿದರು. ಶಿದ್ದಪ್ಪ ಹಲಗೆಯಿಲ್ಲದೆ ಬಾಯಿಯಿಂದಲೇ ಹಲಗೆ ಬಾರಿಸಿದ. ಯಂಕಿ ತಂಬಿಗೆಯ ನೀರನ್ನೆಲ್ಲ ಕಾಕಾನ ಮೇಲೆ ಎರಚಿದಳು. ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ ಪಣದ ನೆನಪೇ ಇರಲಿಲ್ಲ.

ರಮಾಕಾಂತ ಮಾಮಾ ಬೆವರು ಒರೆಸಿಕೊಳ್ಳುತ್ತ ತನ್ನವರನ್ನು ಕೇಳಿದ. "ಗೆದ್ದವರು ನಾವು ಹೌದಲ್ಲೋ?"

ಮರುದಿನ ಸಾಲೆಯಲ್ಲಿ ಯಂಕಿ ತಾನಾಗಿಯೇ ದತ್ತುವಿನ ಬಳಿ ಹೋದಳು. "ಮುಂದಿನ ಮ್ಯಾಚಿಗೆ ನಿಮ್ಮ ಕಡೆ ಕೂಡ್ತೇನಿ. ಮಾತು ಅಂದ್ರ ಮಾತು."

ದತ್ತು ಹೂಂ ಎಂದು ತಲೆ ಆಡಿಸಿದ. ಪಣ ಗೆದ್ದವನು ಅವನು. ಆದರೂ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಮುಂದಿನ ಮ್ಯಾಚು ಧಾರವಾಡದಲ್ಲಿ, ಕೆಲಗೇರಿ ಕೆರೆಯ ಹತ್ತಿರ. ಆವತ್ತು ಬೆಳಿಗ್ಗೆ ಯಂಕಿ ಹನುಮಪ್ಪನ ಮುಂದೆ ನಿಂತಳು. ಎರಡು ಕಣಗಿಲ ಹೂ ತಂದಿದ್ದಳು. ನೀರಿನಲ್ಲಿ ಅದ್ದಲಿಲ್ಲ. ಫೋಟೋದ ಕಟ್ಟಿನ ಸಂದಿಯಲ್ಲಿ ಆ ಕಡೆ ಒಂದು, ಈ ಕಡೆ ಒಂದು, ಗಟ್ಟಿಯಾಗಿ ಸಿಗಿಸಿದಳು.

"ಹಿಂಗ ಸಿಗಿಸಿದ್ರ ಹೆಂಗ ಬಿದ್ದಾವು?" ಎಂದಳು ಸಾವಕ್ಕ.

"ಬೀಳೂದು ಬ್ಯಾಡ ಆಯಿ. ಸುಮ್ಮನ ಏರಿಸೇನಿ."

ಸಾವಕ್ಕ ಮೊಮ್ಮಗಳನ್ನು ಒಂದು ಸಲ ನೋಡಿದಳು. ಬಸ್ಸಿನಲ್ಲಿ ತಿನ್ನಲಿಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿದಳು.

ಕೆಲಗೇರಿಯಲ್ಲಿ ಯಂಕಿ ಧಾರವಾಡದವರ ನಡುವೆ ಕೂತು, ಕೊಟ್ಟ ಮಾತಿನಂತೆ ಗಂಟಲು ಹರಿಯುವ ಹಾಗೆ ಒದರಿದಳು. "ಧಾರವಾಡಕ್ಕ ಜೈ!" ಬದಿಯಲ್ಲಿದ್ದ ಮುದುಕರೊಬ್ಬರು ಮೆಚ್ಚಿ ಅವಳಿಗೆ ಪೆಪ್ಪರಮಿಂಟ್ ಕೊಟ್ಟರು. ಅಷ್ಟರಲ್ಲಿ ಕಾಕಾ ಒಂದು ಚೆಂಡು ತಡೆದ. ಯಂಕಿ ಎದ್ದು ನಿಂತು ಚಪ್ಪಾಳೆ ಹೊಡೆದಳು.

"ಮೋಸ ಇದು," ಎಂದ ದತ್ತು.

"ಪಣದಾಗ ಬಾಯಿ ಇತ್ತು. ಕೈ ಇರಲಿಲ್ಲ."

ದತ್ತು ಯೋಚಿಸಿ ನೋಡಿದ. ಅದು ಖರೇ ಇತ್ತು.

ಸ್ವಲ್ಪ ಹೊತ್ತಿಗೆ ಧಾರವಾಡದವರ ಗೋಲು ಬಿತ್ತು. ಅದರ ಹಿಂದೆಯೇ ಇನ್ನೊಂದು ಬಿತ್ತು. ಯಂಕಿ ಎರಡಕ್ಕೂ ಜೈ ಅಂದಳು, ಪೆಪ್ಪರಮಿಂಟನ್ನು ಈ ದವಡೆಯಿಂದ ಆ ದವಡೆಗೆ ಸರಿಸಿಕೊಂಡು.

"ಇವತ್ತು ನಿಮ್ಮ ಹನುಮಪ್ಪ ಏನಂದ?" ಎಂದು ದತ್ತು ಕೇಳಿದ.

"ನಾ ಕೇಳಿಲ್ಲ."

"ಯಾಕ?"

ಗೋಲಿನ ಹಿಂದಿನ ಮುಳ್ಳುಕಂಟಿಯಿಂದ ಕಾಕಾ ಚೆಂಡು ತೆಗೆದುಕೊಂಡು ಬರುತ್ತಿದ್ದ. ಅದನ್ನು ತೇಪೆ ಹಚ್ಚಿದ ಚಡ್ಡಿಗೆ ಒರೆಸಿದ, ನಡುಮೈದಾನಕ್ಕೆ ಒದ್ದ. ಮತ್ತೆ ಎರಡು ಬಿದಿರಿನ ನಡುವೆ ಹೋಗಿ, ಕೈ ಅಗಲಿಸಿ, ಬಗ್ಗಿ ನಿಂತುಕೊಂಡ.

"ಕಾಕಾನ ಚಡ್ಡಿ ಒಣಗಿತ್ತು," ಎಂದಳು ಯಂಕಿ. "ಬಂದ್ವಿ."

ದತ್ತುವಿಗೆ ಏನೂ ತಿಳಿಯಲಿಲ್ಲ. ಯಂಕಿ ಆಗಲೇ ಚಪ್ಪಾಳೆ ಹೊಡೆಯುತ್ತಿದ್ದಳು.