ಅವನಿಗೆ ಕೇಳದ ಹಾಡು

ರೇಡಿಯೋ ಕಚೇರಿಯ ಸ್ಟುಡಿಯೋ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅವನು...

ತಲೆ ಪೂರ್ತಿ ನರೆತಿತ್ತು, ಬೆನ್ನು ಬಾಗಿತ್ತು. ಆದರೂ ಆ ಮುಖ ಮರೆಯುವಂಥದ್ದಲ್ಲ. ಅರ್ಧ ಆಯುಷ್ಯ ಅದನ್ನು ನೆನೆದು ಹಲ್ಲು ಕಡಿದವಳು ಅವಳು.

ಒಂದು ಕಾಲಕ್ಕೆ ಇಬ್ಬರೂ ಇಟಾಲಿಯನ್ ಒಪೆರಾದ ಗಾಯಕರು. ವೇದಿಕೆಯ ಮೇಲೂ ಪ್ರೇಮಿಗಳು, ಕೆಳಗಿಳಿದರೂ ಪ್ರೇಮಿಗಳೇ. ಕೊನೆಯದಾಗಿ ಜೊತೆಗೆ ಹಾಡಿದ್ದು ಒಂದು ದುರಂತ ಕಥೆ. ನಾಯಕಿ ವಿಷ ಕುಡಿದು ಹಾಡುತ್ತಲೇ ಪ್ರಾಣ ಬಿಡುತ್ತಾಳೆ. ಅಂದು ರೇಡಿಯೋದವರು ರಂಗಮಂದಿರದಲ್ಲೇ ಧ್ವನಿಮುದ್ರಿಸಿಕೊಂಡಿದ್ದರು. ಆ ಹಳೆಯ ಟೇಪನ್ನು ಹೊರತರಲು ಈಗ ಇಬ್ಬರ ಒಪ್ಪಿಗೆ ಬೇಕಿತ್ತು.

ಆ ಪ್ರದರ್ಶನದ ಮರುದಿನವೇ ಮ್ಯಾನೇಜರ್ ಅವಳನ್ನು ತಂಡದಿಂದ ತೆಗೆದಿದ್ದ. ನಿನ್ನ ಗಂಟಲು ಕೆಟ್ಟಿದೆಯೆಂದು ಆ ನಿನ್ನ ಜೊತೆಗಾರನೇ ಬಂದು ಹೇಳಿದ ಎಂದಿದ್ದ. ಅನ್ನ ಕಿತ್ತುಕೊಂಡವನ ಮುಖ ನೋಡಬಾರದೆಂದು ಅವಳು ಊರನ್ನೇ ಬಿಟ್ಟಳು. ಮುಂದೆ ಗಂಟಲಿನ ಗಡ್ಡೆಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಹಾಡು ಹೋಯಿತು. ಈಗ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾಳೆ. ಮಾತಾಡಿದರೆ ಬರುವುದು ಒಡಕು ದನಿ.

"ನೀವು ಬರ್ತೀರಂತ ಗೊತ್ತಿದ್ರೆ ನಾನು ಬರ್ತಿರಲಿಲ್ಲ," ಎಂದಳು ಗೋಡೆ ನೋಡುತ್ತ.

ಅವನು ತುಟಿ ಬಿಚ್ಚಲಿಲ್ಲ. ಸೊಕ್ಕು ಇನ್ನೂ ಇಳಿದಿಲ್ಲ ಎಂದುಕೊಂಡಳು.

ಟೇಪು ಹಾಕುತ್ತಿದ್ದ ಹೆಂಗಸು ಮೆಲ್ಲಗೆ ಹೇಳಿದಳು: ಅವರಿಗೆ ಕಿವಿ ಪೂರ್ತಿ ಹೋಗಿದೆ, ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ.

ಅವಳು ಗೋಡೆಯಿಂದ ಕಣ್ಣು ತೆಗೆದಳು. ಕುರ್ಚಿ ಎಳೆದುಕೊಂಡು ಎದುರು ಕೂತಳು.

"ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ?"

"ನೀನು ಬರ್ತೀಯ ಅಂದ್ರು."

ಟೇಪು ತಿರುಗತೊಡಗಿತು. ಅವಳದೇ ಎಳೆಯ ದನಿ, ಬೆಳ್ಳಿಯಂಥ ದನಿ... ಎಷ್ಟೋ ವರ್ಷದ ಮೇಲೆ! ಸತ್ತುಹೋದವರು ಬಂದು ಕರೆದ ಹಾಗಾಯಿತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅವಳ ಮುಖವನ್ನೇ ನೋಡುತ್ತ ಅವನು ಹೇಳತೊಡಗಿದ. ಅಂದು ಪರದೆಯ ಹಿಂದೆ ಅವಳು ಕೆಮ್ಮಿ, ರಕ್ತದ ಕರವಸ್ತ್ರ ಮುಚ್ಚಿಟ್ಟದ್ದನ್ನು ಕಂಡಿದ್ದನಂತೆ. ಚಿಕಿತ್ಸೆ ಆಗುವವರೆಗೆ ರಜೆ ಕೊಡಿ ಎಂದು ಮ್ಯಾನೇಜರನ ಕಾಲು ಹಿಡಿದಿದ್ದನಂತೆ. ಆ ಪುಣ್ಯಾತ್ಮ ಕೆಲಸದಿಂದಲೇ ತೆಗೆದ. ಆಮೇಲೆ ಅವಳನ್ನು ಹುಡುಕಿಕೊಂಡು ತಾಯಿಯ ಮನೆಗೆ ಹೋದರೆ, ಅವಳಿಗೆ ಮದುವೆಯಾಯಿತು, ಇನ್ನು ಬರಬೇಡ ಎಂದು ಆಕೆ ಬಾಗಿಲು ಹಾಕಿಕೊಂಡಳು.

ಅವಳಿಗೆ ಯಾರೊಂದಿಗೂ ಮದುವೆಯಾಗಿರಲಿಲ್ಲ. ಅಮ್ಮ ಆ ಸುಳ್ಳನ್ನು ಬಚ್ಚಿಟ್ಟುಕೊಂಡೇ ಮಣ್ಣಾಗಿದ್ದಳು.

"ನನಗ್ಯಾಕೆ ಮೊದಲೇ ಹೇಳಲಿಲ್ಲ ನೀನು?" ಬಹುವಚನ ತಾನಾಗಿ ಜಾರಿಹೋಗಿತ್ತು.

"ಹೇಳಿದ್ರೆ ಕೇಳ್ತಿದ್ಯಾ? ರಕ್ತ ಕಾರಿಕೊಂಡೂ ಹಾಡ್ತಿದ್ದೆ."

ನಿಜ. ಅವಳು ತಲೆ ತಗ್ಗಿಸಿದಳು. ಒಂದೇ ಒಂದು ಮಾತು ಅವನನ್ನು ಕೇಳಿದ್ದರೆ... ಕೇಳಲಿಲ್ಲ. ಹೋದ ವರ್ಷಗಳು ಹೋದವು, ಅಳುವುದರಿಂದ ಒಂದೂ ಹಿಂದಿರುಗುವುದಿಲ್ಲ.

ಟೇಪಿನಲ್ಲಿ ನಾಯಕಿ ಸತ್ತಳು. ಅವಳ ಹೆಣದ ಮುಂದೆ ಅವನು ಹಾಡಿದ ಸಾಲುಗಳೂ ಮುಗಿದವು.

"ನಾನು ಹೇಗೆ ಹಾಡಿದೀನಿ?" ಕೇಳಿದ.

"ಕೊನೇಲಿ ಶ್ರುತಿ ತಪ್ಪಿದೆ."

"ತಪ್ಪದೆ ಏನು? ಅವತ್ತು ನಿಜವಾಗ್ಲೂ ಅಳ್ತಿದ್ದೆ."

ಅವನು ಕಣ್ಣೊರೆಸಿಕೊಳ್ಳಲು ಮುಖ ತಿರುಗಿಸಿದ. ಮನೆಗೆ ಹೋಗೋಣ ಎಂದು ಅವಳು ಹೇಳಿದ್ದು ಅವನಿಗೆ ಕಾಣಲಿಲ್ಲ. ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೊಮ್ಮೆ ಹೇಳಿದಳು.

"ಯಾರ ಮನೆಗೆ?"

"ನನ್ನ ಮನೆಗೆ. ಒಂದೇ ಕೋಣೆ, ಚಿಕ್ಕದು. ಎದುರುಬದುರು ಕೂತ್ಕೊಳ್ಳೋಕೆ ಸಾಕಾಗುತ್ತೆ."