ಕೆಳಗಿನ ದನಿ

"ನಿಮ್ಮ ಒಪ್ಪಿಗಿ ಕೇಳಾಕ ಬಂದೀನ್ರಿ," ಎಂದ ಬಿಂದುಮಾಧವ.

"ಒಪ್ಪಿಗಿ ಇಲ್ಲ," ಎಂದಳು ಅಲಕಾ, ಮಡಿಲಲ್ಲಿದ್ದ ಉತ್ತರಪತ್ರಿಕೆಗಳಿಂದ ತಲೆ ಎತ್ತದೆ. "ಮಾವಶಿಗೆ ಹತ್ತು ಸಲ ಹೇಳೀನಿ. ನಿಮ್ಮನ್ನ ಸುಮ್ನ ಈ ಬೀಡಿ ಊರತನಕ ಅಡ್ಯಾಡಿಸ್ಯಾಳ. ತಪ್ಪು ತಿಳ್ಕೋಬ್ಯಾಡ್ರಿ, ನಿಮ್ಮೊಳಗ ಏನೂ ಐಬಿಲ್ಲ. ನನಗ ನಲವತ್ತೈದು. ಈಗ ಮದವಿ ಅಂತ ಓಡಾಡೂ ಹುರುಪಿಲ್ಲ."

ಶನಿವಾರದ ಅರ್ಧ ದಿನದ ಶಾಲೆ ಮುಗಿದಿತ್ತು. ಬೀಡಿ ಊರಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಖಾನಾಪುರದ ಬಸ್ಸಿಗೆ ಕಾಯುತ್ತಿದ್ದವಳು ಅವಳೊಬ್ಬಳೇ. ಬಿಂದುಮಾಧವ ಚೀಲದಿಂದ ಒಂದು ಹಳೆಯ ಕ್ಯಾಸೆಟ್ ತೆಗೆದು ಅವಳ ಮುಂದೆ ಹಿಡಿದ. ಅದರ ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: ಅಲಕಾ ಇನಾಮದಾರ, ಒಂಬತ್ತನೇ ವರ್ಗ.

"ನಾ ಕೇಳಾಕ ಬಂದದ್ದು ಈ ಹಾಡಿನ ಒಪ್ಪಿಗಿ ರೀ."

ಅಲಕಾ ಈಗ ತಲೆ ಎತ್ತಿದಳು. ಮೊದಲು ಕ್ಯಾಸೆಟ್ಟನ್ನು ನೋಡಿದಳು, ಆಮೇಲೆ ಅವನನ್ನು. ಕಿವಿಯ ತುದಿಯಿಂದ ಶುರುವಾದ ಕೆಂಪು ನಿಧಾನವಾಗಿ ಕೆನ್ನೆಗಿಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವುದನ್ನು ಬಿಟ್ಟು ಬಹಳ ದಿನಗಳಾದವರು ನಗುವ ಹಾಗಿತ್ತು ಅದು, ಸ್ವಲ್ಪ ತಡವರಿಸಿಕೊಂಡು.

"ಅಯ್ಯ, ಕುಂದರ್ರಿ," ಎಂದು ಪೇಪರುಗಳನ್ನು ಸರಿಸಿ ಜಾಗ ಮಾಡಿದಳು.

ಬಿಂದುಮಾಧವ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮಷೀನ್ ದುರಸ್ತಿಯ ಎಂಜಿನಿಯರ್. ಯಾವ ಮಷೀನ್ ನಿಂತರೂ ಅವನ ಫೋನು ಬಡಿದುಕೊಳ್ಳುತ್ತಿತ್ತು. ಏಳು ವರ್ಷದ ಹಿಂದೆ ಹೆಂಡತಿ ಬೇರೆಯಾಗಿ ಪುಣೆಗೆ ಹೋದಳು. ಜಗಳ ಆಗಿರಲಿಲ್ಲ, ಇಬ್ಬರಿಗೂ ಆಡಲು ಮಾತು ಮುಗಿದಿತ್ತು, ಅಷ್ಟೆ. ಅಂದಿನಿಂದ ಅನಗೋಳದ ಅವನ ಮನೆಯ ತುಂಬ ಹಳೆಯ ಕಂಪ್ಯೂಟರುಗಳು. ಎಲ್ಲರೂ ಬಿಸಾಡಿದ್ದನ್ನು ಬಿಚ್ಚಿ, ಒರೆಸಿ, ಬೆಸುಗೆ ಹಾಕಿ, ಮತ್ತೆ ಪರದೆ ಬೆಳಗುವಂತೆ ಮಾಡಿದರೆ ಆ ದಿನದ ದಣಿವು ಅರ್ಧ ಇಳಿಯುತ್ತಿತ್ತು. ಅವುಗಳ ಕಥೆಯನ್ನೇ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಮಾಡೋಣ ಎಂದು ಮೈಕು ಕೊಂಡಿದ್ದ. ಖರೇ ಹೇಳಬೇಕೆಂದರೆ, ಮನೆಯಲ್ಲಿ ಮಾತಾಡಿಸಲು ಬೇರೆ ಯಾರೂ ಇರಲಿಲ್ಲ.

"ನಿಮ್ಮ ಖಾನಾಪುರದ ಸಾಲಿಯೊಳಗ ಹಳೇ ಸಾಮಾನು ಲಿಲಾವು ಆತಲ್ರಿ, ಅಲ್ಲಿ ಒಂದು ಕಂಪ್ಯೂಟರ್ ತಗೊಂಡೆ. ಜೋಡಿ ಒಂದು ಡಬ್ಬಿ ಕ್ಯಾಸೆಟ್ ಬಂದ್ವು. ಆಗ ಕಂಪ್ಯೂಟರಿನ ಪ್ರೋಗ್ರಾಮ್ ಕ್ಯಾಸೆಟ್ಟಿನ್ಯಾಗ ಇಡ್ತಿದ್ರಲ್ರಿ, ಇದನ್ನ ಅದಕ್ಕ ಹಾಕಿದ್ರ ಐದು ನಿಮಿಷ ಬರೇ ಕಿರ್ರ್ ಅಂತು. ಆಮ್ಯಾಲ ಕಂಪ್ಯೂಟರ್ ಹಾಡಾಕ ಹತ್ತಿತು. ಮೂವತ್ತೊಂದು ವರ್ಷದ ಮ್ಯಾಲ. ನನ್ನ ಪಾಡ್‌ಕಾಸ್ಟ್ ಈ ಹಾಡಿನಿಂದ ಶುರು ಆಗಬೇಕಂತ ಆಸೆ ಅದ. ಹೆಡ್‌ಮಾಸ್ತರು ನೀವು ಬೀಡಿಯೊಳಗ ಗಣಿತ ಕಲಸ್ತೀರಿ ಅಂದ್ರು."

"ಹಾಕ್ಕೊಂಡಿದ್ರ ನನಗೇನು ಗೊತ್ತಾಗ್ತಿತ್ತು?"

"ನಿಮಗ ಗೊತ್ತಾಗ್ತಿರ್ಲಿಲ್ಲ. ನನಗ ಗೊತ್ತಿರ್ತಿತ್ತಲ್ರಿ."

ಅವಳು ಅವನನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಅವನು ಫೋನು ತೆಗೆದು, ಇಯರ್‌ಫೋನಿನ ಒಂದು ತುದಿಯನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ತಾನು ಇಟ್ಟುಕೊಂಡ. ವಾಯರು ಗಿಡ್ಡ. ಇಬ್ಬರೂ ಸ್ವಲ್ಪ ಹತ್ತಿರ ಬಾಗಬೇಕಾಯಿತು.

ಪೀಪಿಯಂಥ ಎರಡು ದನಿಗಳು. ಒಂದು ಮೇಲೆ ಜಿಗಿಯುತ್ತ ಓಡುತ್ತಿತ್ತು. ಇನ್ನೊಂದು ಕೆಳಗೆ, ನಿಧಾನ.

"ಮ್ಯಾಲಿನ ದನಿ ಚಂದ ಅದ ರೀ," ಎಂದ ಅವನು. "ಆದ್ರ ನನ್ನ ಹಿಡಿದು ಕೂಡಿಸಿದ್ದು ಕೆಳಗಿಂದು. ಮ್ಯಾಲಿಂದು ಓಡಿ ಹೋಗ್ತದ. ಕೆಳಗಿಂದು ಅದರ ಸಲುವಾಗಿ ಕಾಯ್ತದ. ಒಂಬತ್ತನೇ ವರ್ಗದ ಹುಡುಗಿಗೆ ಅಷ್ಟು ತಿಳುವಳಿಕಿ ಎಲ್ಲಿಂದ ಬಂತು ಅಂತ..."

ಅಲಕಾ ಇಯರ್‌ಫೋನು ಕಿತ್ತು ಅವನ ಕೈಗಿಟ್ಟಳು. ಮುಖದ ನಗು ಎಲ್ಲಿ ಹೋಯಿತೋ. ಬಸ್ಸು ಬಂದು ನಿಂತಿತು.

"ಒಪ್ಪಿಗಿ ಇಲ್ಲ ರೀ," ಎಂದಳು. ಈ ಸಲ ಅದು ಬೇರೆಯೇ ಮಾತಾಗಿತ್ತು. ಅವನು ಕೊಟ್ಟ ಒಪ್ಪಿಗೆ ಪತ್ರವನ್ನು ಮಾತ್ರ ಬೇಡವೆನ್ನದೆ ಪೇಪರುಗಳ ಕಟ್ಟಿನಲ್ಲಿ ಸೇರಿಸಿಕೊಂಡು ಹತ್ತಿ ಹೋದಳು.

ಪತ್ರದ ಕೊನೆಯಲ್ಲಿ ಅವನ ಫೋನ್ ನಂಬರಿತ್ತು. ಮೂರನೇ ದಿನ, ಫೌಂಡ್ರಿಯಲ್ಲಿ ಮಷೀನಿನಡಿ ಮಲಗಿ ಬೋಲ್ಟು ಬಿಗಿಯುತ್ತಿದ್ದಾಗ ಅವಳ ಮೆಸೇಜು ಬಂತು. 'ಕೆಳಗಿನ ದನಿ ನಂದಲ್ಲ.'

ಮುಂದಿನ ಶನಿವಾರ ಅವನು ಮತ್ತೆ ಬೀಡಿಯ ಅದೇ ಬೆಂಚಿನ ಮೇಲಿದ್ದ. ಈ ಸಲ ಇಬ್ಬರೂ ಒಂದೇ ಬಸ್ಸು ಹತ್ತಿದರು. ಅಲಕಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

ಆಗ ಶಾಲೆಗೆ ಒಂದೇ ಕಂಪ್ಯೂಟರ್, ವಾರಕ್ಕೆ ಒಂದೇ ತಾಸು. ಅದರ ಮುಂದೆ ಒಂದೇ ಸ್ಟೂಲಿನ ಮೇಲೆ ಕೂರುತ್ತಿದ್ದವರು ಅಲಕಾ ಮತ್ತು ಅವಳ ಗೆಳತಿ ಸೂಫಿಯಾ. ಒಂದೊಂದು ಸ್ವರಕ್ಕೂ ಒಂದೊಂದು ಸಂಖ್ಯೆ ಟೈಪ್ ಮಾಡಿ ಮಾಡಿ ಹಾಡು ಕಟ್ಟಿದ್ದರು. ಮೇಲಿನ ಸಾಲು ಅಲಕಾಳದು, ಕೆಳಗಿನದು ಸೂಫಿಯಾಳದು. ಬೆಳಗಾವಿಯ ವಿಜ್ಞಾನ ಪ್ರದರ್ಶನದ ದಿನ ಸೂಫಿಯಾಗೆ ಜ್ವರ. ಬಹುಮಾನ ಕೊಡುವವರು ವೇದಿಕೆಯ ಮೇಲೆ ಕೇಳಿದರು, ಇದನ್ನೆಲ್ಲ ನೀ ಒಬ್ಬಾಕಿನ ಮಾಡಿದೇನವ್ವಾ?

"ನಾ ಹೂಂ ಅಂದೆ," ಎಂದಳು ಅಲಕಾ. "ಒಂದ ಶಬ್ದ. ಪೇಪರಿನ್ಯಾಗ ಫೋಟೋ ಬಂತು. ಆಮ್ಯಾಲ ಅಕಿ ಮಾರಿ ನೋಡಾಕ ಆಗಲಿಲ್ಲ. ಬೆಂಚು ಬದಲಿ ಮಾಡಿದೆ."

"ಈಗ ಎಲ್ಲಿ ಅದಾರ ಅವರು?"

"ಬೆಳಗಾವಿ ಮಹಾಂತೇಶ ನಗರದಾಗ ರಕ್ತ ತಪಾಸಣಿ ಲ್ಯಾಬ್ ಇಟ್ಟಾಳ. ಹನ್ನೊಂದು ವರ್ಷದಿಂದ ಗೊತ್ತದ. ಬೋರ್ಡಿನ ಮುಂದ ಹಾಯ್ದು ಹೋಗೀನಿ, ಒಳಗ ಹೋಗಿಲ್ಲ."

ಬಿಂದುಮಾಧವ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟ. ಅವಳು ಕುಡಿದು, ಮುಚ್ಚಳ ಹಾಕಿ, ಅವನ ಕೈಗೆ ವಾಪಸ್ಸು ಕೊಡುವಾಗ ಬೆರಳುಗಳು ತಾಗಿದವು. ಇಬ್ಬರೂ ಗಮನಿಸದವರಂತೆ ಕೂತರು.

ಆಮೇಲೆ ಐದು ವಾರ ಫೋನಿನಲ್ಲೇ ಕಳೆದವು. ಅವನು ಮೊದಲ ಕಂತನ್ನು ಹಾಡಿಲ್ಲದೆ ರೆಕಾರ್ಡ್ ಮಾಡಿ ಕಳಿಸಿದ. ಅವಳು ಗಣಿತದ ಟೀಚರಾಗಿಯೇ ಕೇಳಿಸಿಕೊಂಡಳು.

"ಹನ್ನೆರಡು ನಿಮಿಷದಾಗ ಹತ್ತೊಂಬತ್ತು ಸಲ 'ಅಂದ್ರೆ' ಅಂದೀರಿ," ಎಂದು ವಾಯ್ಸ್ ನೋಟ್ ಬಂತು. "ಕಂಪ್ಯೂಟರ್ ಬಗ್ಗೆ ಹೇಳೂ ಮುಂದ ದನಿ ಚಲೋ ಇರ್ತದ. ನಿಮ್ಮ ಬಗ್ಗೆ ಹೇಳೂ ಮುಂದ ಯಾಕ ಅಷ್ಟು ಗಡಿಬಿಡಿ?"

"ನನ್ನ ಬಗ್ಗೆ ಹೇಳೂವಂಥದ್ದು ಏನೈತ್ರಿ?"

"ಅದನ್ನ ಕೇಳೂವರು ಹೇಳಬೇಕು."

ಅವನು ಆ ಕಂತನ್ನು ಮತ್ತೆ ರೆಕಾರ್ಡ್ ಮಾಡಿದ. ಎದುರಿಗೆ ಅವಳು ಕೂತಿದ್ದಾಳೆಂದುಕೊಂಡು ಮಾತಾಡಿದ. ಈ ಸಲ 'ಅಂದ್ರೆ' ನಾಲ್ಕೇ ಸಲ ಬಂತು.

ಪರೀಕ್ಷೆ, ಚುನಾವಣೆಯ ಪಟ್ಟಿ, ಮನೆ ಮನೆ ಸಮೀಕ್ಷೆ ಎಂದು ಅವಳೂ ಹಣ್ಣಾಗಿದ್ದಳು. ಒಮ್ಮೊಮ್ಮೆ ಅವಳ ವಾಯ್ಸ್ ನೋಟಿನಲ್ಲಿ ಬರೀ ಬಸ್ಸಿನ ಸದ್ದು ಇರುತ್ತಿತ್ತು, ಕೊನೆಗೆ ಒಂದು ನಿಟ್ಟುಸಿರು, "ಏನಿಲ್ರಿ, ಸುಮ್ನ." ಬಿಂದುಮಾಧವ ಅಂಥವನ್ನು ಊಟದ ಬಿಡುವಿನಲ್ಲಿ ಎರಡೆರಡು ಸಲ ಕೇಳುತ್ತಿದ್ದ.

ಒಂದು ದಿನ ಅವಳೇ ಹೇಳಿದಳು, "ಈ ರವಿವಾರ ಬೆಳಗಾವಿಗೆ ಬರ್ತೀನಿ. ನೀವು ಬಾಜೂಕ ಇರ್ರಿ. ಮಾತಾಡಬ್ಯಾಡ್ರಿ."

ಲ್ಯಾಬಿನಲ್ಲಿ ಬಿಳಿ ಕೋಟು ತೊಟ್ಟ ಹೆಂಗಸು ಚೀಟಿ ಬರೆಯುತ್ತ, ತಲೆ ಎತ್ತದೆ ಕೇಳಿದಳು, "ಖಾಲಿ ಹೊಟ್ಟಿಲೆ ಬಂದೀರೇನ್ರಿ?"

"ಸೂಫಿಯಾ," ಎಂದಳು ಅಲಕಾ.

ಪೆನ್ನು ನಿಂತಿತು. ಅಲಕಾ ಕೂರಲಿಲ್ಲ. ನಿಂತುಕೊಂಡೇ, ಒಪ್ಪಿಸುವವಳಂತೆ ಎಲ್ಲವನ್ನೂ ಹೇಳಿದಳು. ವೇದಿಕೆ, ಪ್ರಶ್ನೆ, ತಾನು ಹೂಂ ಅಂದದ್ದು. "ತಪ್ಪು ಮಾಡಿದೆ. ಕ್ಷಮಾ ಕೇಳಾಕ ಇಷ್ಟು ವರ್ಷ ಹಿಡೀತು."

ಸೂಫಿಯಾ ಕನ್ನಡಕ ತೆಗೆದಳು. "ಆ ಫೋಟೋ ನಾ ಅವತ್ತ ನೋಡಿದ್ದೆ. ಎರಡು ದಿನ ಅತ್ತೆ. ಅದು ಅಲ್ಲಿಗೆ ಮುಗೀತು. ಆಮ್ಯಾಲ ನೀ ಮನಿಗೆ ಯಾಕ ಬರಲಿಲ್ಲ? ಈದ್ ದಿನ ಅಮ್ಮಿ ನಿನ್ನ ಪಾಲಿನ ಶೀರಕುರ್ಮಾ ಸಂಜೀತನಕ ತಗದಿಟ್ಟಿದ್ಲು. ಮರುವರ್ಷನೂ ಇಟ್ಲು. ಅದಕ್ಕ ಏನು ಹೇಳ್ತಿ?"

ಅಲಕಾ ಅತ್ತಳು. ಸೂಫಿಯಾ ಎದ್ದು ಬಂದು ಹತ್ತಿಯ ಉಂಡೆಯೊಂದನ್ನು ಕೈಗಿಟ್ಟಳು. "ಒರಸ್ಕೋ. ಪೇಶಂಟ್ ನೋಡಿದ್ರ ನಾನ ಚುಚ್ಚಿ ಅಳಿಸೀನಿ ಅಂತಾರ."

ನಂತರ ಮೂವರೂ ಹಾಡು ಕೇಳಿದರು. ಸೂಫಿಯಾಳ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಕೆಳಗಿನ ದನಿಯನ್ನು ಬಡಿಯುತ್ತಿದ್ದವು. ಮುಗಿದ ಮೇಲೆ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ, ಅಲಕಾಳ ಸಹಿಗೆ ಜಾಗ ಬಿಟ್ಟು ತನ್ನ ಸಹಿ ಹಾಕಿದಳು.

"ಇಬ್ಬರ ಹೆಸರೂ ಹೇಳ್ರಿ. ನಂದು ಮೊದಲು," ಎಂದಳು ಬಿಂದುಮಾಧವನಿಗೆ. ಅಲಕಾಳ ಕಡೆ ತಿರುಗಿದಳು. "ಇವರು ಯಾರ?"

"ಪಾಡ್‌ಕಾಸ್ಟ್‌ನವರು."

"ಅಷ್ಟೇನ?"

ಅಲಕಾ ಸಹಿ ಮಾಡುವುದರಲ್ಲಿ ಮಗ್ನಳಾಗಿದ್ದಳು. ಅಷ್ಟು ಚಿಕ್ಕ ಸಹಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಸಂಜೆ ನಾಲ್ಕಕ್ಕೆ ಖಾನಾಪುರದ ಬಸ್ಸು. ಬಿಂದುಮಾಧವ ಉದ್ಯಮಬಾಗಕ್ಕೆ ಟಿಕೆಟ್ ತೆಗೆಸಿದ, ಅಲ್ಲಿಂದ ಅನಗೋಳಕ್ಕೆ ನಡೆದು ಹೋಗುವವನು. ಬಸ್ಸು ಊರು ದಾಟುವ ಮೊದಲೇ ಅಲಕಾಳ ಕಣ್ಣು ಮುಚ್ಚಿದವು. ತಲೆ ಕಿಟಕಿಗೆ ಎರಡು ಸಲ ಬಡಿಯಿತು, ಮೂರನೇ ಸಲ ಅವನ ಹೆಗಲಿಗೆ ಬಂದು ನಿಂತಿತು. ಅವಳ ಕೂದಲಲ್ಲಿ ಕೊಬ್ಬರಿ ಎಣ್ಣೆಯ ವಾಸನೆ, ತೋರುಬೆರಳ ಮೇಲೆ ಅಳಿಸದ ಕೆಂಪು ಶಾಯಿ. ಅವನು ಉಸಿರನ್ನೂ ಸಣ್ಣಗೆ ಬಿಟ್ಟ.

"ಉದ್ಯಮಬಾಗ! ಉದ್ಯಮಬಾಗ!" ಎಂದು ಕೂಗಿದ ಕಂಡಕ್ಟರ್.

ಬಿಂದುಮಾಧವ ಏಳಲಿಲ್ಲ. ಬಸ್ಸು ಮುಂದೆ ಹೋಯಿತು. ಹತ್ತಿರ ಬಂದ ಕಂಡಕ್ಟರ್ ಹೆಗಲನ್ನೂ ಅವನ ಮುಖವನ್ನೂ ನೋಡಿ, ಸದ್ದಿಲ್ಲದೆ ಖಾನಾಪುರಕ್ಕೆ ಇನ್ನೊಂದು ಟಿಕೆಟ್ ಹರಿದು ಕೊಟ್ಟ.

ಖಾನಾಪುರದ ಬಸ್ ನಿಲ್ದಾಣದಲ್ಲಿ ಅವಳಿಗೆ ಎಚ್ಚರವಾಯಿತು. ಗಾಬರಿಯಿಂದ ಕೂದಲು ಸರಿಮಾಡಿಕೊಂಡಳು. "ನೀವ್ಯಾಕ ಇಲ್ಲೀತನಕ ಬಂದ್ರಿ?"

"ನಿಮ್ಮ ನಿದ್ದಿ ಕೆಡಸಬಾರದು ಅಂತ." ಅಷ್ಟಕ್ಕೇ ಬಿಡಬಹುದಿತ್ತು. ಅವನು ಬಿಡಲಿಲ್ಲ. "ಅಷ್ಟ ಅಲ್ಲ. ಕಾಗದದ ಕೆಲಸ ಇವತ್ತ ಮುಗೀತು. ಇನ್ನ ನಿಮ್ಮನ್ನ ನೋಡಾಕ ಬರಬೇಕಂದ್ರ ನನ್ನ ಹತ್ರ ಯಾವ ಕಾರಣನೂ ಇಲ್ಲ. ಕಾರಣ ಇಲ್ಲದ ಬರಬೇಕು ಅನಸ್ತದ."

ಅಲಕಾ ಚೀಲದ ಹಿಡಿಕೆಯನ್ನು ತಿರುಚುತ್ತ ನಿಂತಳು. "ಸಾಲಿ, ಬಸ್ಸು, ಪೇಪರು. ಇದರಾಗ ನಾ ಪೂರ್ತಿ ಸವದು ಹೋಗೀನಿ. ನಿಮಗ ಕೊಡಾಕ ನನ್ನ ಹತ್ರ ಉಳಿದದ್ದು ರವಿವಾರ ಒಂದ. ಅದರಾಗೂ ಮಧ್ಯಾಹ್ನ ಮಲಗಿರ್ತೀನಿ."

"ನನಗೂ ಒಂದ ರವಿವಾರ. ಮಷೀನ್ ಕೆಟ್ರ ಅದೂ ಇಲ್ಲ. ನೀವು ಮಲಗ್ರಿ, ನಾ ಸುಮ್ನ ಬಾಜೂಕ ಕುಂದರ್ತೀನಿ. ನನಗೂ ದಣಿವಾಗೇದ."

ಅವಳು ನಡೆಯತೊಡಗಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. "ಬರ್ರಿ. ಚಹಾ ಕುಡದು ಹೋಗೀರಂತ."

ಎರಡು ಕೋಣೆಯ ಮನೆ. ಅವಳು ದೀಪ ಹಾಕಿ, ಕುರ್ಚಿಯ ಮೇಲಿನ ಪುಸ್ತಕಗಳನ್ನು ತೆಗೆದು ಅವನನ್ನು ಕೂರಿಸಿ ಒಳಗೆ ಹೋದಳು. ಪಾತ್ರೆಯ ಸದ್ದು, ಗ್ಯಾಸು ಹೊತ್ತಿದ ಸದ್ದು.

"ಬಿಂದು, ಸಕ್ಕರಿ ಎಷ್ಟು ಹಾಕಲಿ?"

ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವಳು ಚಮಚ ಹಿಡಿದು, ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಿವಿಯ ತುದಿ ಕೆಂಪಾಗಿತ್ತು.

"ಕೇಳಿಸಲಿಲ್ಲೇನ?"

"ಕೇಳಿಸ್ತು," ಎಂದ. "ಇನ್ನೊಮ್ಮೆ ಕೇಳಬೇಕು ಅನಸ್ತು."

ಅಲಕಾ ತಿರುಗಿದಳು. ಮುಖದಲ್ಲಿ ಇಡೀ ದಿನದ ಆಯಾಸ ಹಾಗೆಯೇ ಇತ್ತು, ಅದನ್ನು ಮುಚ್ಚಲು ಅವಳು ಏನೂ ಮಾಡಲಿಲ್ಲ.

"ಬಿಂದು," ಎಂದಳು. "ನೀ ನನಗ ಬೇಕು. ಈಗ ಸಕ್ಕರಿ ಎಷ್ಟಂತ ಹೇಳು, ಚಹಾ ಉಕ್ಕಾಕ ಹತ್ತೇದ."